ಮೂರು ಕಾರ್ಡಿನ ಸಂದು

ರಾಮದುರ್ಗ
12 ಡಿಸೆಂಬರ್ 2024

ಪೂಜ್ಯ ಮಹಾಂತಪ್ಪ ಕಾಕಾ ಅವರಿಗೆ ಶೀತಲಳ ನಮಸ್ಕಾರಗಳು.

ಯಾವ ಶೀತಲ ಎಂದು ಹುಬ್ಬು ಗಂಟಿಕ್ಕಬೇಡಿ. ಬೈಲಹೊಂಗಲದಲ್ಲಿ ನಿಮ್ಮ ಮೋಟರ್ ವೈಂಡಿಂಗ್ ಅಂಗಡಿಯ ಪಕ್ಕ ಬಟ್ಟೆ ಅಂಗಡಿ ಇಟ್ಟಿದ್ದ ವಿರೂಪಾಕ್ಷಪ್ಪನ ಮಗಳು. ಶಾಲೆ ಬಿಟ್ಟ ಕೂಡಲೇ ನಿಮ್ಮ ಮೇಜಿನ ಕೆಳಗೆ ತಾಮ್ರದ ತಂತಿಯ ತುಂಡು ಆರಿಸುತ್ತ, "ಕಾಕಾ, ಕರೆಂಟ್ ಎಲ್ಲಿ ಇರತೈತ್ರಿ?" ಎಂದು ದಿನಾ ನಿಮ್ಮ ತಲೆ ತಿನ್ನುತ್ತಿದ್ದವಳು. ನಾವು ಊರು ಬಿಟ್ಟು ಕಿತ್ತೂರಿಗೆ ಹೋಗಿ ಒಂಬತ್ತು ವರ್ಷವಾಯಿತು. ಈಗ ನಾನು ತೊರಗಲ್ಲಿನ ದಾರಿಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಅಂದು ನೀವು ಉತ್ತರ ಹೇಳದೆ ಓಡಿಸಿದ ಪ್ರಶ್ನೆಯನ್ನು ಈಗ ಹುಡುಗಿಯರು ನನಗೆ ಕೇಳುತ್ತಾರೆ. ನಾನೂ ಓಡಿಸುತ್ತೇನೆ!

ಕಾಕಾ, ಒಂದು ಹುಚ್ಚು ಹಿಡಿದಿದೆ. ಪಿವಿಸಿ ಪೈಪಿಗೆ ಕೂದಲಿನಷ್ಟು ತೆಳ್ಳನೆ ತಂತಿಯನ್ನು ಸಾವಿರ ಸುತ್ತು ಸುತ್ತಬೇಕು. ಅದರ ಬುಡಕ್ಕೆ ದಪ್ಪ ತಾಮ್ರದ ಎಂಟು ಸುತ್ತು. ಸರಿಯಾಗಿ ಕರೆಂಟು ಕೊಟ್ಟರೆ ಪೈಪಿನ ತಲೆಯಿಂದ ಗೇಣುದ್ದದ ಮಿಂಚು ಹೊರಡುತ್ತದೆ. ಮಾರು ದೂರದಲ್ಲಿ ಹಿಡಿದ ಟ್ಯೂಬ್‌ಲೈಟು ತಂತಿಯಿಲ್ಲದೆ ಹತ್ತಿಕೊಳ್ಳುತ್ತದೆ. ಇದಕ್ಕೆ ಟೆಸ್ಲಾ ಕಾಯಿಲ್ ಎನ್ನುತ್ತಾರೆ. ಫೆಬ್ರುವರಿ 28, ವಿಜ್ಞಾನ ದಿನ. ಅಂದು ಶಿಕ್ಷಣ ಇಲಾಖೆಯ ಸಾಹೇಬರು ನಮ್ಮ ಶಾಲೆಗೆ ಬರುತ್ತಾರೆ. ಪ್ರತಿ ವರ್ಷ ಅದೇ ಥರ್ಮಾಕೋಲಿನ ಜ್ವಾಲಾಮುಖಿ ನೋಡಿ ಅವರಿಗೂ ಬೇಸತ್ತಿದೆ, ಅದನ್ನು ಮಾಡಿ ನಮಗೂ ಬೇಸತ್ತಿದೆ. ಈ ಸಲ ಮಿಂಚನ್ನೇ ತೋರಿಸಬೇಕು.

ಅಪ್ಪನ ಅಂಗಡಿಯ ಹಳೆಯ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಇದೆ. ಕರೆಂಟು ತುಂಬಿಡಲು ಉಪ್ಪುನೀರಿನ ಗಾಜಿನ ಬಾಟಲಿಗಳಿವೆ. ಸುತ್ತುವುದು ನಿಮ್ಮ ಅಂಗಡಿಯಲ್ಲಿ ನೋಡಿ ಕಲಿತದ್ದೇ, ಸುತ್ತಿದೆ. ಆದರೆ ನಡುವೆ ಒಂದು ಸಂದು ಬೇಕು. ಬಾಟಲಿಗಳಲ್ಲಿ ಕರೆಂಟು ತುಂಬಿ ತುಳುಕಿದಾಗ ಆ ಸಂದನ್ನು ಕಿಡಿಯಾಗಿ ಜಿಗಿಯಬೇಕು, ಜಿಗಿದು ಕೂಡಲೇ ಆರಬೇಕು, ಮತ್ತೆ ತುಂಬಬೇಕು, ಮತ್ತೆ ಜಿಗಿಯಬೇಕು, ಸೆಕೆಂಡಿಗೆ ನೂರಾರು ಸಲ. ಎರಡು ದಪ್ಪ ಮೊಳೆ ಎದುರುಬದುರು ಇಟ್ಟು ನೋಡಿದೆ. ಒಮ್ಮೆ ಭಗ್ಗೆಂದಿತು. ಆಮೇಲೆ ಮೊಳೆಗಳು ಕೆಂಪಗೆ ಕಾದು ಕೂತವು, ಮೇಲೆ ಮಿಂಚಿಲ್ಲ, ಮಣ್ಣಿಲ್ಲ. ಇಂಟರ್ನೆಟ್ಟಿನಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ಕಿಡಿಯ ವಿಷಯದಲ್ಲಿ ನನಗೆ ನಂಬಿಕೆ ಇರುವುದು ಒಬ್ಬರ ಮೇಲೆ.

ಬೇಗ ಬರೆಯಿರಿ. ಸುಂದರವ್ವ ಕಾಕುಗೆ ನಮಸ್ಕಾರ.

ನಿಮ್ಮ
ಶೀತಲ

*

ಬೈಲಹೊಂಗಲ
19 ಡಿಸೆಂಬರ್ 2024

ಚಿ. ಶೀತಲಗೆ ಮಹಾಂತಪ್ಪನ ಆಶೀರ್ವಾದಗಳು.

ನೆನಪಿಲ್ಲದೆ ಏನು? ನನ್ನ ಅರ್ಧ ಕಿಲೋ ತಂತಿ ನಿನ್ನ ಉಂಗುರ ಬಳೆಗಳಲ್ಲೇ ಹೋಗಿದೆ. ಪತ್ರ ಬರೆದದ್ದು ಒಳ್ಳೆಯದಾಯಿತು. ಐವತ್ತು ವರ್ಷ ಮೋಟರಿನ ಗದ್ದಲದಲ್ಲಿ ಕಳೆದ ಕಿವಿ ಇದು. ಫೋನು ಹಚ್ಚಿಕೊಂಡರೆ ಬರೀ ಜೀರುಂಡೆಯ ಸಪ್ಪಳ. ಮತ್ತೆ ಬರೆಯುವಾಗ ಮನೆಯ ವಿಳಾಸಕ್ಕೇ ಬರೆ. ಅಂಗಡಿಯಲ್ಲಿ ಕೈತುಂಬ ಕೆಲಸ, ಪೋಸ್ಟ್‌ಮನ್ ಬಂದರೂ ನೋಡಲು ಪುರುಸೊತ್ತಿಲ್ಲ.

ಮೊಳೆ ಕಿತ್ತು ಬಿಸಾಡು. ನಿನ್ನ ಯಂತ್ರವನ್ನು ನಾನು ಕಂಡವನಲ್ಲ. ಆದರೆ ಸ್ಕೂಟರ್, ಎಣ್ಣೆ ಎಂಜಿನ್ನು, ಜೀಪು, ಎಲ್ಲದರ ಕಿಡಿಗೂ ಸಂದು ಕೂರಿಸಿದ್ದೇನೆ. ಕಿಡಿ ಎಲ್ಲಿದ್ದರೂ ಕಿಡಿಯೇ. ಅಗಲವಾದ ಒಂದು ಹಳ್ಳವನ್ನು ಒಮ್ಮೆಲೇ ಜಿಗಿದವನು ಆಚೆ ದಡದಲ್ಲಿ ಏದುಸಿರು ಬಿಡುತ್ತ ಕೂತುಬಿಡುತ್ತಾನೆ. ಹೊಲದ ಆರು ಸಣ್ಣ ಕಾಲುವೆ ಜಿಗಿಯುವವನು ಓಡುತ್ತಲೇ ಇರುತ್ತಾನೆ. ನಿನಗೂ ಒಂದು ದೊಡ್ಡ ಸಂದು ಬೇಡ, ಆರು ಸಣ್ಣ ಸಂದು ಬೇಕು.

ಎ.ಸಿ. ರಿಪೇರಿ ಮಾಡುವವರ ಹತ್ತಿರ ತಾಮ್ರದ ಕೊಳವೆಯ ತುಂಡು ಸಿಗುತ್ತವೆ. ಬೆರಳುದ್ದದ ಏಳು ತುಂಡು ತೆಗೆದುಕೋ. ಅವುಗಳ ಬಾಯಿಯನ್ನು ಅರದಿಂದ ಉಜ್ಜು. ಕಾಯಿಪಲ್ಲೆ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಹಲಗೆಯ ಮೇಲೆ ಅವನ್ನು ಒತ್ತೊತ್ತಾಗಿ ಮಲಗಿಸಿ ಬೋಲ್ಟು ಹಾಕು. ಏಳು ಕೊಳವೆ, ನಡುವೆ ಆರು ಸಂದು. ಪಕ್ಕದಿಂದ ಟೇಬಲ್ ಫ್ಯಾನು ಬಿಡು, ಕಿಡಿ ಆರಬೇಕಲ್ಲ.

ಇನ್ನು ನನ್ನ ಆಣೆ ಹಾಕಿ ಹೇಳುವ ಮಾತು. ಆ ಟ್ರಾನ್ಸ್‌ಫಾರ್ಮರ್ ಹಾಕಿಕೊಟ್ಟವನು ನಾನೇ, ಅದು ಮುಟ್ಟಿದವರನ್ನು ಬಿಡುವುದಿಲ್ಲ. ಸ್ವಿಚ್ಚು ದೂರ ಇರಲಿ. ಮುಟ್ಟುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೋ. ಆಮೇಲೂ ಬಾಟಲಿಯಲ್ಲಿ ಕರೆಂಟು ಕೂತಿರುತ್ತದೆ, ಉದ್ದನೆ ಕಟ್ಟಿಗೆಗೆ ತಂತಿ ಕಟ್ಟಿ ಎರಡು ತುದಿ ಕೂಡಿಸಿ ಖಾಲಿ ಮಾಡು. ಮಕ್ಕಳು ಎರಡು ಮಾರು ಆಚೆ. ವೆಲ್ಡಿಂಗಿನವರ ಕಪ್ಪು ಗಾಜಿಲ್ಲದೆ ಯಾರೂ ಕಿಡಿ ದಿಟ್ಟಿಸಬಾರದು.

ಸಪ್ಪಳ ಹೇಗೆ ಬರುತ್ತದೆ ಬರೆದು ತಿಳಿಸು. ಸಂದು ಸರಿಯಿದೆಯೋ ಇಲ್ಲವೋ ಎಂದು ಹೇಳುವುದು ಅದೇ.

ಮಹಾಂತಪ್ಪ

*

ರಾಮದುರ್ಗ
5 ಜನವರಿ 2025

ಪೂಜ್ಯ ಕಾಕಾ ಅವರಿಗೆ ನಮಸ್ಕಾರಗಳು.

ಏಳು ಕೊಳವೆ, ಆರು ಸಂದು, ಹಸಿರು ಹಲಗೆ! ಒಂಬತ್ತನೇ ತರಗತಿಯ ಉಮಾಶ್ರೀ ಅರ ಹಾಕಿ ಹಾಕಿ ಕೊಳವೆಗಳನ್ನು ಗೌರಿಯ ಬಳೆಗಳಂತೆ ಹೊಳೆಸಿದ್ದಾಳೆ. ಯಂತ್ರದ ತಲೆಗೆ ದುಂಡನೆಯ ಲೋಹದ ಟೋಪಿ ಬೇಕಿತ್ತು. ಬಿಸಿಯೂಟದ ಬಾಯವ್ವ ಎರಡು ಸ್ಟೀಲ್ ಪರಾತ ಕೊಟ್ಟಳು, ಒಂದರ ಮೇಲೊಂದು ಬೋರಲು ಹಾಕಿ ಕೂರಿಸಿದೆವು. "ಹಿಟ್ಟ ನಾದೂದಕ್ಕ ವಾಪಸ್ ಬೇಕ್ರಿ ಟೀಚರ್" ಎಂದು ದಿನಕ್ಕೆ ಮೂರು ಸಲ ನೆನಪಿಸುತ್ತಾಳೆ.

ನಿನ್ನೆ ಸ್ವಿಚ್ಚು ಹಾಕಿದೆವು. ಆರೂ ಸಂದಿನಲ್ಲಿ ನೀಲಿ ಬೆಳಕು ಬಂತು ಕಾಕಾ! ನಾನು ಕುಣಿಯುವುದೊಂದು ಬಾಕಿ. ಆದರೆ ಸಪ್ಪಳ ಮಾತ್ರ ಹಾವು ಬುಸುಗುಟ್ಟಿದ ಹಾಗೆ, ಸುಯ್ ಎಂದು ಒಂದೇ ಸಮ. ತಲೆಯ ಮೇಲೆ ಜೀರಿಗೆ ಕಾಳಿನಷ್ಟು ಕಿಡಿ. ಟ್ಯೂಬ್‌ಲೈಟು ಹೊತ್ತಲಿಲ್ಲ. ಸಂದಿಗೆ ದಾಡಿಯ ಬ್ಲೇಡು ಇಟ್ಟು ಅಳತೆ ಮಾಡಿದ್ದೆವು, ಅದು ತಪ್ಪಾಯಿತೇ?

ಒಂದು ತಮಾಷೆ ಕೇಳಿ. ಸ್ವಿಚ್ಚು ಹಾಕುವ ಮುಂಚೆ ಬಾಯವ್ವ ತಟ್ಟೆಯಲ್ಲಿ ಕುಂಕುಮ ವಿಭೂತಿ ಹಿಡಿದು ಬಂದಳು. "ಹೊಸಾ ಮಷೀನ್ ಐತ್ರಿ, ಹಂಗ ಚಾಲೂ ಮಾಡಬಾರದ್ರಿ." ನಾನು ಹುಡುಗಿಯರೆಲ್ಲರ ಎದುರಿಗೇ ಅವಳನ್ನು ತರಾಟೆಗೆ ತೆಗೆದುಕೊಂಡೆ. ಇದು ವಿಜ್ಞಾನದ ಕೋಣೆ, ಇಲ್ಲಿ ಯಂತ್ರ ನಡೆಯುವುದು ಲೆಕ್ಕದಿಂದ, ಕುಂಕುಮದಿಂದಲ್ಲ ಎಂದು ಅರ್ಧ ತಾಸು ಉಪನ್ಯಾಸ. ಪಾಪ, ತಟ್ಟೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ನೀವಿದ್ದಿದ್ದರೆ ನನಗೆ ಶಹಬ್ಬಾಸ್ ಎನ್ನುತ್ತಿದ್ದಿರಿ.

ಅಳತೆ ಹೇಳಿ, ಅಳತೆ!

ನಿಮ್ಮ
ಶೀತಲ

*

ಬೈಲಹೊಂಗಲ
12 ಜನವರಿ 2025

ಚಿ. ಶೀತಲಗೆ ಆಶೀರ್ವಾದಗಳು.

ಸುಯ್ ಎಂದರೆ ಸಂದು ಕಿರಿದು. ಬಾಟಲಿ ತುಂಬುವ ಮುಂಚೆಯೇ ಕರೆಂಟು ನುಸುಳಿ ಹೋಗುತ್ತಿದೆ. ತುಂಬಲು ಬಿಡು, ಆಮೇಲೆ ಜಿಗಿಯಲಿ.

ಈ ಲಕೋಟೆಯಲ್ಲಿ ಅಂಚೆ ಇಲಾಖೆಯ ಮೂರು ಖಾಲಿ ಕಾರ್ಡು ಇವೆ. ಅವುಗಳ ಮೇಲೆ ಏನೂ ಬರೆಯಬೇಡ. ಸ್ಕೂಟರಿನ ಕಿಡಿಯ ಪಾಯಿಂಟಿನ ಸಂದಿಗೆ ನಾವು ಒಂದು ಕಾರ್ಡು ಮಡಚಿ ಇಡುತ್ತಿದ್ದೆವು. ನಿನಗೆ ಮೂರು ಕಾರ್ಡು ಸೇರಿಸಿದ ದಪ್ಪ ಬೇಕು. ಎರಡು ಕೊಳವೆಯ ನಡುವೆ ಮೂರೂ ಕಾರ್ಡು ಒಟ್ಟಿಗೆ ಇಟ್ಟು, ಕೊಳವೆ ಕಾರ್ಡಿಗೆ ತಾಗುವಷ್ಟು ಒತ್ತಿ ಬೋಲ್ಟು ಬಿಗಿ ಮಾಡು. ಕಾರ್ಡು ಎಳೆದರೆ ತುಸು ಹಿಡಿದು, ಆಮೇಲೆ ಜಾರಿ ಬರಬೇಕು. ಹೊಸ ಚಪ್ಪಲಿಯಿಂದ ಕಾಲು ತೆಗೆದ ಹಾಗೆ. ಆರೂ ಸಂದಿಗೆ ಹಾಗೇ ಮಾಡು. ಸುಂದರವ್ವ ಸಂಕ್ರಮಣದ ಕುಸುರೆಳ್ಳು ಹಾಕೆಂದಳು. ಕಾರ್ಡಿಗೆ ಸಕ್ಕರೆ ಅಂಟಿದರೆ ಅಳತೆ ಕೆಡುತ್ತದೆಂದು ಹಾಕಿಲ್ಲ, ಸಿಟ್ಟಾಗಿದ್ದಾಳೆ.

ಈಗ ನನ್ನ ಒಂದು ಮಾತು. ಹೋದ ವರ್ಷ ನಾನು ಸುತ್ತಿಕೊಟ್ಟ ಎರಡು ಮೋಟರು ವಾರದೊಳಗೆ ಸುಟ್ಟು ತಿರುಗಿ ಬಂದವು. ಐವತ್ತು ವರ್ಷದಲ್ಲಿ ಹಾಗಾಗಿರಲಿಲ್ಲ. "ಕಾಕಾಂದು ಕೈ ಹೋತು" ಎಂದು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಕಿವಿ ಹೋದರೂ ಅಂಥ ಮಾತು ಹೇಗೋ ಕೇಳಿಸುತ್ತದೆ. ಹೀಗಾಗಿ ನಾನೊಂದು ಪಣ ತೊಟ್ಟಿದ್ದೇನೆ. ನನ್ನ ಸುತ್ತುವ ಮಷೀನು ನಿನಗೆ ಗೊತ್ತು, ಹಿಡಿಕೆ ತಿರುವಿದಂತೆ ಸುತ್ತು ಎಣಿಸುವ ಆ ಹಳೆಯದು. ನನ್ನ ಅಳತೆಯಿಂದ ನಿನ್ನ ಯಂತ್ರ ಇಪ್ಪತ್ತೆಂಟನೇ ತಾರೀಖು ಜನರ ಎದುರು ಮಿಂಚು ಬಿಟ್ಟರೆ ಆ ಮಷೀನು ಮೇಜಿನ ಮೇಲೆ ಇರುತ್ತದೆ. ಬಿಡದಿದ್ದರೆ ಯುಗಾದಿಗೆ ಗುಜರಿಯ ಪರಶುನಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ.

ಬಾಯವ್ವನನ್ನು ಅಷ್ಟು ಬಯ್ಯಬಾರದಿತ್ತು. ಪರಾತ ಕೊಟ್ಟವಳು ಅವಳು.

ಮಹಾಂತಪ್ಪ

*

ರಾಮದುರ್ಗ
3 ಫೆಬ್ರುವರಿ 2025

ಕಾಕಾ! ಕಾಕಾ! ಕಾಕಾ!

ನಮಸ್ಕಾರ ಬರೆಯಲೂ ಕೈ ನಿಲ್ಲುತ್ತಿಲ್ಲ. ಹೊತ್ತಿತು!

ಇಂದು ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಗಳಿಗೆಲ್ಲ ಜಮಖಾನೆ ಕಟ್ಟಿ ಕತ್ತಲು ಮಾಡಿದೆವು. ಆರೂ ಸಂದಿಗೆ ನಿಮ್ಮ ಮೂರು ಕಾರ್ಡಿನ ಅಳತೆ. ಉಮಾಶ್ರೀ ಪ್ರತಿ ಸಂದಿನಿಂದ ಕಾರ್ಡು ಎಳೆದು "ಹೊಸಾ ಚಪ್ಲಿ, ಹೊಸಾ ಚಪ್ಲಿ" ಎಂದು ಹೇಳುತ್ತಲೇ ಇದ್ದಳು. ಸ್ವಿಚ್ಚು ಹಾಕಿದೆ. ಸಪ್ಪಳ ಹೇಗಿತ್ತು ಬರೆಯಲಿ? ಕಾದ ಹಂಚಿಗೆ ಜೋಳ ಸುರಿದು ಅಳ್ಳು ಹುರಿಯುತ್ತಾರಲ್ಲ, ಮೊದಲು ಒಂದೆರಡು ಟಪ್ ಟಪ್, ಆಮೇಲೆ ಒಮ್ಮೆಗೇ ಹಂಚು ತುಂಬ ಪಟಪಟಪಟ ಎಂದು ಸಿಡಿಯುತ್ತದಲ್ಲ, ಅದರ ಹತ್ತರಷ್ಟು ಗಟ್ಟಿ. ಪರಾತದ ಅಂಚಿನಿಂದ ನೇರಳೆ ಬಣ್ಣದ ಮಿಂಚು, ಗೇಣಿಗಿಂತ ಎರಡು ಬೆರಳು ಹೆಚ್ಚು, ಬೇರು ಬಿಟ್ಟ ಹಾಗೆ ಕವಲೊಡೆದು ಗಾಳಿಯಲ್ಲಿ ತಡಕಾಡಿತು. ಕಟ್ಟಿಗೆಯ ಕೋಲಿಗೆ ಕಟ್ಟಿದ್ದ ಟ್ಯೂಬ್‌ಲೈಟು ಮಾರು ದೂರದಲ್ಲೇ ಧಗ್ಗೆಂದು ಹೊತ್ತಿಕೊಂಡಿತು. ತಂತಿಯಿಲ್ಲ ಕಾಕಾ, ತಂತಿಯೇ ಇಲ್ಲ!

ಹುಡುಗಿಯರ ಕಿರುಚಾಟಕ್ಕೆ ಮುಖ್ಯೋಪಾಧ್ಯಾಯರು, ನಮ್ಮ ಸದಾಶಿವ ಸರ್, ಬೆಂಕಿ ಬಿತ್ತೆಂದು ಮರಳಿನ ಬಕೆಟ್ಟು ಹಿಡಿದು ಓಡಿ ಬಂದರು. ಬಂದವರು ಬಕೆಟ್ಟು ಹಿಡಿದೇ ಹತ್ತು ನಿಮಿಷ ನೋಡುತ್ತ ನಿಂತರು. ಬಾಯವ್ವ ಬಾಗಿಲ ಸಂದಿಯಿಂದ ಇಣುಕಿ, "ನಮ್ಮ ಪರಾತದಾಗ ಇಷ್ಟ ಇತ್ತೇನ್ರಿ!" ಎಂದಳು.

ಕಾರ್ಡುಗಳನ್ನು ಪ್ರಯೋಗಾಲಯದ ಸ್ಕ್ರೂ ಗೇಜಿನಲ್ಲಿ ಅಳೆದೆವು. ಮೂರೂ ಸೇರಿ ಮುಕ್ಕಾಲು ಮಿಲಿಮೀಟರಿಗೆ ಕೂದಲಷ್ಟು ಕಡಿಮೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ತಿಳಿದವರು ಹೇಳುವುದೂ ಅಷ್ಟೇ. ಯಾರ ಕೈ ಹೋಗಿದೆ ಎನ್ನುತ್ತಾರೆ ಕಾಕಾ? ಅವರನ್ನು ಇಲ್ಲಿಗೆ ಕಳಿಸಿ.

ಇಪ್ಪತ್ತೆಂಟಕ್ಕೆ ನೀವು ಬರಲೇಬೇಕು. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ.

ನಿಮ್ಮ
ಶೀತಲ

*

ಬೈಲಹೊಂಗಲ
10 ಫೆಬ್ರುವರಿ 2025

ಚಿ. ಶೀತಲಗೆ ಆಶೀರ್ವಾದಗಳು.

ಸುಂದರವ್ವ ನಿನ್ನ ಪತ್ರವನ್ನು ನನ್ನ ಕಿವಿಗೆ ಬಾಯಿ ಹಚ್ಚಿ ಓದಿದಳು. ಅಳ್ಳು ಹುರಿದ ಸಪ್ಪಳದ ಸಾಲನ್ನು ನಾಲ್ಕು ಸಲ ಓದಿಸಿದೆ. "ನಾನೇನ್ ರೇಡಿಯೋನ?" ಎಂದು ಎದ್ದು ಹೋದಳು. ಆಮೇಲೆ ನಾನೇ ಕನ್ನಡಕ ಹಾಕಿಕೊಂಡು ಓದಿದೆ. ಬಹಳ ಖುಷಿಯಾಯಿತು ಮಗಳೇ. ಇಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಬರಲು ಆಗುವುದಿಲ್ಲ. ಶಿವರಾತ್ರಿಯ ಆಸುಪಾಸು ಅಂಗಡಿಯಲ್ಲಿ ಮೋಟರುಗಳ ರಾಶಿ ಬಿದ್ದಿರುತ್ತದೆ. ಖಾಲಿ ಕುರ್ಚಿ ಹಾಕಿಸಬೇಡ, ಬಾಯವ್ವನನ್ನು ಕೂರಿಸು.

ಒಂದೇ ಬುದ್ಧಿಮಾತು. ಕೂಡಿ ಬಂದ ಮೇಲೆ ಕೈ ಹಚ್ಚಬಾರದು. ಇನ್ನೂ ಚೆಂದ ಮಾಡುತ್ತೇನೆ, ಇನ್ನೊಂದು ಸ್ವಲ್ಪ ಗಟ್ಟಿ ಮಾಡುತ್ತೇನೆ ಎಂದು ಹೋದರೆ ಇದ್ದದ್ದೂ ಹೋಗುತ್ತದೆ. ಬಟ್ಟೆ ಮುಚ್ಚಿ ಬಾಗಿಲಿಗೆ ಕೀಲಿ ಹಾಕು.

ಮಹಾಂತಪ್ಪ

*

ರಾಮದುರ್ಗ
1 ಮಾರ್ಚ್ 2025

ಪೂಜ್ಯ ಕಾಕಾ ಅವರಿಗೆ ನಮಸ್ಕಾರಗಳು.

ನಿನ್ನೆ ಯಂತ್ರ ನಡೆಯಲಿಲ್ಲ.

ಸಾಹೇಬರು ಬಂದಿದ್ದರು. ಊರಿನವರೂ ಬಂದಿದ್ದರು. ಸ್ವಿಚ್ಚು ಹಾಕಿದರೆ ಸುಯ್ ಎಂದಿತು, ಹೊಗೆ ಬಂತು, ಅಷ್ಟೇ. ಮೂರು ಸಲ ಹಾಕಿದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಾಹೇಬರು "ಪ್ರಯತ್ನ ಒಳ್ಳೇದದ" ಎಂದು ನನ್ನ ಮುಖ ನೋಡದೆ ಹೇಳಿ ಪಕ್ಕದ ಕೋಣೆಯ ಜ್ವಾಲಾಮುಖಿ ನೋಡಲು ಹೋದರು. ಉಮಾಶ್ರೀ ಅತ್ತಳು.

ಸಂದಿನ ಅಳತೆಯಲ್ಲಿ ಎಲ್ಲೋ ಹೆಚ್ಚುಕಡಿಮೆ ಆಗಿರಬೇಕು. ಕಾರ್ಡು ಹವೆಗೆ ಉಬ್ಬಿದ್ದವೋ ಏನೋ. ಹೆಚ್ಚು ಬರೆಯಲು ಮನಸ್ಸಿಲ್ಲ.

ನಿಮ್ಮ
ಶೀತಲ

*

ಬೈಲಹೊಂಗಲ
6 ಮಾರ್ಚ್ 2025

ಚಿ. ಶೀತಲಗೆ ಆಶೀರ್ವಾದಗಳು.

ನಿನ್ನದೇನೂ ತಪ್ಪಿಲ್ಲ. ತಪ್ಪು ನನ್ನದು. ಅಂಚೆ ಕಾರ್ಡಿನಿಂದ ಮಿಂಚು ಅಳೆಯಲು ಹೋದ ಮುದುಕನ ಮಾತು ನೀನು ನಂಬಿದೆ. ಒಂದು ದಿನ ನಡೆದದ್ದು ಕಾಕತಾಳೀಯ ಇರಬೇಕು. ಹತ್ತು ಜನರ ಎದುರು ನಿನ್ನ ಮರ್ಯಾದೆ ಹೋಯಿತಲ್ಲ, ಅದು ನನ್ನಿಂದ ಹೋಯಿತು. ಎರಡು ಮೋಟರು ಸುಟ್ಟಾಗ ತಿಳಿಯದಿದ್ದದ್ದು ಈಗ ತಿಳಿಯಿತು. ಓಣಿಯವರು ಆಡಿಕೊಂಡದ್ದು ಖರೆ.

ಪಣ ಎಂದರೆ ಪಣ. ಯುಗಾದಿಗೆ ಪರಶುನಿಗೆ ಬಾ ಎಂದು ಹೇಳುತ್ತೇನೆ. ಇನ್ನು ಮೇಲೆ ಸಂದು, ಕಿಡಿ ಎಂದು ನನ್ನನ್ನು ಕೇಳಬೇಡ. ಆರೋಗ್ಯದ ವಿಷಯ ಬರೆ, ಮದುವೆಯ ವಿಷಯ ಬರೆ, ಓದುತ್ತೇನೆ.

ಮಹಾಂತಪ್ಪ

*

ರಾಮದುರ್ಗ
11 ಮಾರ್ಚ್ 2025
(ಸ್ಪೀಡ್ ಪೋಸ್ಟ್)

ಕಾಕಾ,

ಪರಶುನಿಗೆ ಹೇಳಬೇಡಿ! ಹೇಳಿದ್ದರೆ ಬೇಡವೆಂದು ಮತ್ತೆ ಹೇಳಿ! ಅಳತೆ ಸರಿ ಇತ್ತು. ಅಳತೆ ಬಂಗಾರದಂತಿತ್ತು. ಯಂತ್ರ ಕೆಡಿಸಿದವಳು ನಾನು. ಅದು ನನಗೆ ಅಂದು ಸಂಜೆಯೇ ಗೊತ್ತಾಗಿತ್ತು. ಗೊತ್ತಿದ್ದೂ ನಿಮಗೆ ಕಾರ್ಡು ಉಬ್ಬಿದವು ಎಂದು ಸುಳ್ಳು ಬರೆದೆ.

ನಡೆದದ್ದು ಇಷ್ಟು. ಇಪ್ಪತ್ತೇಳನೇ ತಾರೀಖು ಅಮಾವಾಸ್ಯೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ನಾನೊಬ್ಬಳೇ ಯಂತ್ರದ ಮುಂದೆ ಕೂತಿದ್ದೆ. ಇದ್ದಕ್ಕಿದ್ದಂತೆ ಹೆದರಿಕೆ ಹೊಕ್ಕಿತು. ನಾಳೆ ನಡೆಯದಿದ್ದರೆ? ಕಾಕಾನ ಮಷೀನು ಹೋದರೆ? ಆಗ ನೀವು ಅಂಗಡಿಯಲ್ಲಿ ಅಮಾವಾಸ್ಯೆಗೊಮ್ಮೆ ಕಾಯಿ ಒಡೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ಎದ್ದು ಹೋಗಿ ಅಂಗಡಿಯಿಂದ ಕಾಯಿ ತಂದೆ. ಬಾಯವ್ವನ ಗೂಡಿನಿಂದ ವಿಭೂತಿ ಕದ್ದೆ. ಒಳಗಿನಿಂದ ಚಿಲಕ ಹಾಕಿ, ಏಳೂ ಕೊಳವೆಗೆ ವಿಭೂತಿ ಬಳಿದು, ಕಾಯಿ ಒಡೆದು, ಅದರ ನೀರನ್ನು ಸಂದುಗಳ ಮೇಲೆಯೇ ಚಿಮುಕಿಸಿ ಕೈ ಮುಗಿದೆ. ಬಾಯವ್ವನಿಗೆ ಅರ್ಧ ತಾಸು ಉಪನ್ಯಾಸ ಕೊಟ್ಟವಳು! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಕಾಯಿನೀರು ಹಲಗೆಯ ಮೇಲೆ ಒಣಗಿ ಅಂಟಾಗಿತ್ತು. ಮರುದಿನ ಕರೆಂಟು ಸಂದು ಜಿಗಿಯಲೇ ಇಲ್ಲ, ಆ ಅಂಟಿನ ಮೇಲೆ ಹರಿದು ಹೋಯಿತು. ಬೆಲ್ಲ ಸುಟ್ಟ ವಾಸನೆ ಕೋಣೆಯ ತುಂಬ. ಅಂದು ಸಂಜೆ ಹಲಗೆ ಬಿಚ್ಚಿದರೆ ಪ್ಲಾಸ್ಟಿಕ್ಕಿನ ಮೇಲೆ ಇದ್ದಿಲಿನಂಥ ಕಪ್ಪು ಗೆರೆ. ತಿಳಿಯಿತು. ಆದರೆ ವಿಜ್ಞಾನದ ಟೀಚರು ಯಂತ್ರಕ್ಕೆ ತೀರ್ಥ ಹಾಕಿ ಕೆಡಿಸಿದಳೆಂದು ಯಾರಿಗೆ ಹೇಳಲಿ? ನನ್ನ ಮಾನ ಉಳಿಸಿಕೊಳ್ಳಲು ನಿಮ್ಮ ಕೈಯ ಮೇಲೆ ತಪ್ಪು ಹಾಕಿದೆ. ನಿನ್ನೆ ನಿಮ್ಮ ಪತ್ರ ಓದಿ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಓದಿದವಳೇ ಎದ್ದು ಸದಾಶಿವ ಸರ್ ಕೋಣೆಗೆ ಹೋದೆ. ಹುಡುಗಿಯರನ್ನೂ ಬಾಯವ್ವನನ್ನೂ ಅಲ್ಲಿಗೇ ಕರೆದು ಎಲ್ಲರ ಎದುರು ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸುತ್ತ ಕೂತರು, ನಗು ತಡೆಯಲು ಇರಬೇಕು. ಬಾಯವ್ವ ಮಾತ್ರ ನಗಲಿಲ್ಲ. "ನಮ್ಮ ಮನ್ಯಾಗ ಮಿಕ್ಸರಿಗೂ ಪೂಜಾ ಮಾಡ್ತೀವ್ರಿ ಟೀಚರ್. ಖರೇ ಸ್ವಿಚ್ಚಿನ ಮ್ಯಾಲ ಯಾರರ ನೀರ ಹಾಕ್ತಾರೇನ್ರಿ? ನನ್ನ ಕೇಳಿದ್ರ ನಾ ಹೇಳ್ತಿದ್ನಿ" ಎಂದಳು. ಎರಡೂ ಕೈ ಹಿಡಿದು ಅವಳ ಕ್ಷಮೆ ಕೇಳಿದೆ.

ಆಮೇಲೆ ಕೆಲಸಕ್ಕೆ ಕೂತೆವು. ಕೊಳವೆಗಳನ್ನು ಮರಳುಕಾಗದದಿಂದ ತಿಕ್ಕಿದೆವು. ಹಲಗೆ ಮಗುಚಿ ಹಿಂಬದಿಗೆ ಕೂರಿಸಿದೆವು. ಅವೇ ಮೂರು ಕಾರ್ಡು, ಅದೇ ಅಳತೆ. ನಾಲ್ಕು ಗಂಟೆಗೆ ಸ್ವಿಚ್ಚು ಹಾಕಿದರೆ ಕಾಕಾ, ಮೊದಲಿಗಿಂತ ಗಟ್ಟಿ! ಮಿಂಚು ಎಡಕ್ಕೊಂದು ಬಲಕ್ಕೊಂದು. ಟ್ಯೂಬ್‌ಲೈಟಿನ ಕೋಲು ಬಾಯವ್ವನ ಕೈಗೆ ಕೊಟ್ಟೆ. ಅವಳು ಹಿಡಿದ ಟ್ಯೂಬು ಹೊತ್ತಿದಾಗ ಮಕ್ಕಳು ಚಪ್ಪಾಳೆ ಹೊಡೆದ ಸಪ್ಪಳದಲ್ಲಿ ಯಂತ್ರದ ಸಪ್ಪಳವೇ ಮುಚ್ಚಿಹೋಯಿತು. ಇಪ್ಪತ್ತು ಸಲ ಹಾಕಿ ತೆಗೆದು ನೋಡಿದೆವು, ಇಪ್ಪತ್ತು ಸಲವೂ ಬಂತು. ಸದಾಶಿವ ಸರ್ ಸಾಹೇಬರಿಗೆ ಫೋನು ಮಾಡಿ, ಶುಕ್ರವಾರ ಮತ್ತೆ ಬನ್ನಿ ಎಂದಿದ್ದಾರೆ.

ಪಣ ನೀವು ಸೋತಿಲ್ಲ. ನನ್ನನ್ನು ಬಯ್ಯಿರಿ, ಮಾತು ಬಿಡಿ, ಏನಾದರೂ ಮಾಡಿ. ಮಷೀನು ಮಾತ್ರ ಕೊಡಬೇಡಿ.

ತಪ್ಪು ಮಾಡಿದ
ಶೀತಲ

*

ಬೈಲಹೊಂಗಲ
24 ಮಾರ್ಚ್ 2025

ಚಿ. ಶೀತಲಗೆ ಮಹಾಂತಪ್ಪನ ಆಶೀರ್ವಾದಗಳು.

ಉತ್ತರ ತಡವಾಯಿತು. ಕೆಲಸವಿತ್ತು. ಈ ಸಲ ಖರೆ ಕೆಲಸವಿತ್ತು.

ಕಾಯಿನೀರಿನ ಸಾಲು ಬಂದಾಗ ಸುಂದರವ್ವನಿಗೆ ನಗು ಹತ್ತಿ ಓದಲಾಗದೆ ಪತ್ರವನ್ನು ನನ್ನ ಕೈಗಿತ್ತಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಹುಚ್ಚಿ, ನಾನು ಕಾಯಿ ಒಡೆಯುತ್ತಿದ್ದದ್ದು ಹೊಸ್ತಿಲ ಆಚೆ! ಮೇಜಿನ ಕೆಳಗೆ ಕೂತು ನೋಡಿದವಳಿಗೆ ಅದು ಕಂಡಿರಲಿಕ್ಕಿಲ್ಲ. ಬೆಲ್ಲ ಸುಟ್ಟ ವಾಸನೆ ಎಂದು ಆಗಲೇ ಒಂದು ಮಾತು ಬರೆದಿದ್ದರೆ ಕೂತಲ್ಲೇ ರೋಗ ಹೇಳುತ್ತಿದ್ದೆ.

ಪತ್ರದ ಕೊನೆ ಬರುವಷ್ಟರಲ್ಲಿ ನಗು ನಿಂತಿತು. ನೀನು ಮಷೀನು ಕೊಡಬೇಡಿ ಎಂದು ಬೇಡಿಕೊಂಡಿದ್ದೆ. ಮಗಳೇ, ಮಷೀನು ಇರಲೇ ಇಲ್ಲ. ದೀಪಾವಳಿಗೇ ಅದನ್ನು ಪರಶುನಿಗೆ ಕೊಟ್ಟು ಅಂಗಡಿ ಖಾಲಿ ಮಾಡಿದ್ದೆ. ನಿನ್ನ ಮೊದಲ ಪತ್ರವನ್ನು ಪೋಸ್ಟ್‌ಮನ್ ಮನೆಗೇ ತಂದುಕೊಟ್ಟಾಗ ನಾನು ಪಡಸಾಲೆಯಲ್ಲಿ ಕೂತು ಸುಂದರವ್ವನ ಅವರೆಕಾಯಿ ಸುಲಿಯುತ್ತಿದ್ದೆ. ಕೈತುಂಬ ಕೆಲಸ, ಮೋಟರಿನ ರಾಶಿ, ಎಲ್ಲ ಸುಳ್ಳು. ಇದ್ದ ಕೆಲಸ ಎಂದರೆ ನಿನ್ನ ಪತ್ರ ಒಂದೇ. ನಿನಗೆ ಅಳತೆ ಬರೆಯುವ ಮುಂಚೆ ನಾನೂ ಏಳು ಕೊಳವೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಒಂದು ಕಾರ್ಡು, ಎರಡು, ಮೂರು, ನಾಲ್ಕು ಎಂದು ಎಳೆದು ನೋಡಿದ್ದೆ. ಸುಂದರವ್ವನ ಹೆಚ್ಚುವ ಹಲಗೆಗೆ ತೂತು ಹಾಕಿದ್ದನ್ನು ಅವಳಿನ್ನೂ ಕ್ಷಮಿಸಿಲ್ಲ. ಹೋದ ಮಷೀನನ್ನೇ ಪಣಕ್ಕಿಟ್ಟದ್ದು ಯಾಕೆಂದರೆ, ಇನ್ನೂ ಇದೆ ಎಂದು ಬರೆಯುವಾಗ ಅದು ಇದ್ದ ಹಾಗೇ ಅನಿಸುತ್ತಿತ್ತು.

ನಿನ್ನ ಪತ್ರದಲ್ಲಿ ನನಗೆ ನಾಟಿದ್ದು ಒಂದು ಮಾತು. ಅಂದು ಸಂಜೆಯೇ ಹಲಗೆ ಬಿಚ್ಚಿ ನೋಡಿದೆ ಎಂದಿದ್ದೀಯ. ಸುಟ್ಟು ಬಂದ ಆ ಎರಡು ಮೋಟರನ್ನು ನಾನು ಬಿಚ್ಚಿ ನೋಡಲೇ ಇಲ್ಲ. ತಂತಿ ಕೆಟ್ಟದಿತ್ತೋ, ವೋಲ್ಟೇಜು ಏರಿಳಿದಿತ್ತೋ, ನನ್ನ ಕೈಯೇ ತಪ್ಪಿತ್ತೋ, ಇಂದಿಗೂ ಗೊತ್ತಿಲ್ಲ. ಒಳಗೆ ನನ್ನ ತಪ್ಪು ಕಂಡರೆ ಎಂಬ ಹೆದರಿಕೆಗೆ ಹಾಗೇ ತೂಕಕ್ಕೆ ಹಾಕಿಬಿಟ್ಟೆ. ನೀನು ಬಿಚ್ಚಿದೆ, ಬಯಲಿಗಿಟ್ಟೆ. ಅದಕ್ಕೆ ನಿನ್ನ ಮೇಲೆ ಸಿಟ್ಟು ಬರುತ್ತಿಲ್ಲ, ಬರಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

ಮರುದಿನ ಸವದತ್ತಿ ರಸ್ತೆಯ ಪರಶುನ ಗುಜರಿಗೆ ಹೋದೆ. ಮಷೀನು ಅಲ್ಲೇ ಇತ್ತು, ಮುರಿದ ಕೂಲರುಗಳ ಕೆಳಗೆ. ಯಾರಿಗೂ ಬೇಡವಾಗಿದ್ದೇ ಒಳ್ಳೆಯದಾಯಿತು. "ಕೊಟ್ಟ ಮಾಲ್ ವಾಪಸ್ ಕೇಳೂದು ಎಲ್ಲೈತ್ರಿ ಕಾಕಾ?" ಎಂದ ಪರಶು. ಮೂಲೆಯಲ್ಲಿ ಅವನ ಕಬ್ಬಿಣ ಕತ್ತರಿಸುವ ಮಷೀನು ಬಾಯಿ ಮುಚ್ಚಿಕೊಂಡು ಕೂತಿತ್ತು. ಮೋಟರು ಸುಟ್ಟು ಎಂಟು ದಿನ, ಹುಬ್ಬಳ್ಳಿಗೆ ಕಳಿಸಬೇಕು ಎಂದ. ನಾನೆಂದೆ, "ಹುಬ್ಬಳ್ಳಿ ಯಾಕ ಬೇಕೋ? ನನ್ನ ಮಷೀನ್ ಕೊಡು, ಇಲ್ಲೇ ಕುಂತು ಸುತ್ತಿ ಕೊಡತೇನಿ." ಅವನು ನನ್ನ ಕೈ ನೋಡಿದ, ಮುಖ ನೋಡಿದ. ಹುಣಸೆ ಮರದ ಕೆಳಗೆ ಒಂದು ಸ್ಟೂಲು ಹಾಕಿಸಿದ.

ಸುಟ್ಟ ಮೋಟರು ಬಿಚ್ಚಿದೆ. ಈ ಸಲ ಒಂದೊಂದು ತಂತಿಯನ್ನೂ ನೋಡುತ್ತ ಬಿಚ್ಚಿದೆ. ಮೊದಲ ದಿನ ಸುತ್ತಿದ ಸುರುಳಿ ಸರಿ ಬರಲಿಲ್ಲ, ಕೈ ನಡುಗಿತ್ತು. ಕಿತ್ತು ಹಾಕಿದೆ. ಎರಡನೆಯ ದಿನ ನಡುಗುವ ಕೈಯನ್ನು ಮೊಣಕಾಲಿಗೆ ಒತ್ತಿ ಹಿಡಿದು ಸುತ್ತಿದೆ, ಬಂತು. ಆರು ದಿನ ಹಿಡಿಯಿತು. ಹಿಂದೆ ಎರಡು ದಿನದ ಕೆಲಸ, ಇರಲಿ. ನಿನ್ನೆ ವಾರ್ನಿಶ್ ಒಣಗಿತ್ತು. ಪರಶು ಸ್ವಿಚ್ಚು ಹಾಕಿದ. ನನಗೆ ಸಪ್ಪಳ ಕೇಳಿಸಲಿಲ್ಲ, ಮೋಟರಿನ ಬೆನ್ನಿಗೆ ಅಂಗೈ ಇಟ್ಟೆ. ಅದುರಾಟವಿಲ್ಲ, ಬಿಸಿಯಿಲ್ಲ, ಒಂದೇ ಸಮ ತಿರುಗುತ್ತಿತ್ತು. ಒಂದು ತಾಸು ಕೈ ತೆಗೆಯಲಿಲ್ಲ.

ನನ್ನ ಮಷೀನನ್ನು ಗಾಡಿಗೆ ಏರಿಸುವಾಗ ಪರಶು ನನ್ನ ಕಿವಿಯ ಹತ್ತಿರ ಬಂದು ಕೂಗಿ ಕೇಳಿದ, "ಮೋಟರಿಗೆ ಗ್ಯಾರಂಟಿ ಎಷ್ಟ ದಿನಾ ಕೊಡ್ತೀರಿ ಕಾಕಾ?"

"ನಾ ಇರೂತನಕ" ಎಂದೆ.

ಬರೆದು ಕೊಡಿ ಎಂದ. ಅಲ್ಲೇ ಅವನ ತಕ್ಕಡಿಯ ಮೇಲೆ ಕಾಗದವಿಟ್ಟು ಬರೆದು, ಸಹಿ ಮಾಡಿ ಕೊಟ್ಟೆ.

ನಿನ್ನ ಕಾಕಾ
ಮಹಾಂತಪ್ಪ